ಚಿಕ್ಕಪ್ಪನ ಇಂಗ್ಲಿಷಿಗೆ ಚಿಕ್ಕಪ್ಪನದೇ ಮುದ್ರೆ

ನನ್ನ ಚಿಕ್ಕಪ್ಪ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಅದರಲ್ಲೂ ತಮ್ಮನ್ನಂತೂ ನಂಬುವುದೇ ಇಲ್ಲ. ನಂಬುವುದಾದರೂ ಹೇಗೆ? ಅಂಗಡಿ ಅಂಗಡಿಗೆ ಹೋಗಿ ತೂಕದ ಕಲ್ಲು ಪರೀಕ್ಷಿಸಿ ಮುದ್ರೆ ಒತ್ತುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಪರೀಕ್ಷಿಸಲು ಬೇರೇನೂ ಸಿಗದೆ ತಮ್ಮನ್ನೇ ತಕ್ಕಡಿಗೆ ಹಾಕಿಕೊಂಡರು.

ಪದ್ಮನಾಭನಗರದ ಮನೆಯಲ್ಲಿ ಕೂತು ಮೊಬೈಲಿನಲ್ಲಿ ತಾವೇ ಇಂಗ್ಲಿಷ್ ಕಲಿಯತೊಡಗಿದ ಚಿಕ್ಕಪ್ಪನಿಗೆ ಎಲ್ಲಿಂದಲೋ ಒಂದು ಪಟ್ಟಿ ಸಿಕ್ಕಿತು. ಸ್ವಂತವಾಗಿ ಕಲಿಯುವವರು ತಮ್ಮನ್ನು ತಾವೇ ಅಳೆದುಕೊಳ್ಳುವ ಪಟ್ಟಿ. ‘ದಾರಿ ಕೇಳಬಲ್ಲೆ’, ‘ದೂರು ಹೇಳಬಲ್ಲೆ’ ಎಂದೆಲ್ಲ ನಲವತ್ತು ಸಾಲು. ಪ್ರತಿ ಸಾಲಿನ ಮುಂದೆ ‘ಸುಲಭವಾಗಿ’, ‘ಕಷ್ಟಪಟ್ಟು’, ‘ಇನ್ನೂ ಇಲ್ಲ’ ಎಂಬ ಮೂರು ಚೌಕ. ನೀವೋ ನಾನೋ ಆಗಿದ್ದರೆ ಕಾಫಿ ಕುಡಿಯುತ್ತಾ ಐದು ನಿಮಿಷದಲ್ಲಿ ಟಿಕ್ ಹಾಕಿ ಮುಗಿಸುತ್ತಿದ್ದೆವು.

“ಯಾರ್ ನೋಡ್ತಾರೆ ಚಿಕ್ಕಪ್ಪ, ಹಾಕ್ಬಿಡಿ,” ಎಂದೆ.

“ನಾನ್ ನೋಡ್ತೀನಲ್ಲಮ್ಮ,” ಎಂದರು.

ಹಾಗಾಗಿ ಒಂದೊಂದು ಸಾಲನ್ನೂ ನಿಜವಾಗಿ ಮಾಡಿಯೇ ಟಿಕ್ ಹಾಕಬೇಕೆಂದು ತೀರ್ಮಾನವಾಯಿತು. ದಾರಿ ಕೇಳಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋದರು. ಆದರೆ ಗೊತ್ತಿಲ್ಲದ ವಿಳಾಸ ಕೇಳಿದರೆ, ಸಿಕ್ಕ ಉತ್ತರ ಸರಿಯೋ ತಪ್ಪೋ ತಿಳಿಯುವುದು ಹೇಗೆ? ಅದಕ್ಕೆ ತಮ್ಮ ಮನೆಗೇ ದಾರಿ ಕೇಳಿದರು. ಲ್ಯಾಪ್‌ಟಾಪ್ ಬ್ಯಾಗಿನ ಯುವಕನೊಬ್ಬ ಇವರ ನಿಧಾನದ ಇಂಗ್ಲಿಷ್ ಕೇಳಿ, ಮುಖ ನೋಡಿ, ಏನನ್ನೋ ಊಹಿಸಿಕೊಂಡು, ಬೈಕಿನಲ್ಲಿ ಕೂರಿಸಿ ನೇರ ಮನೆ ಬಾಗಿಲಿಗೇ ತಂದುಬಿಟ್ಟ.

“ಆಂಟಿ, ಅಂಕಲ್‌ಗೆ ಮನೆ ದಾರಿ ಮರ್ತೋಗಿತ್ತು. ಸ್ವಲ್ಪ ಹುಷಾರಾಗಿ ನೋಡ್ಕೊಳ್ಳಿ.”

“ಮೂವತ್ತೆಂಟು ವರ್ಷದಿಂದ ಅದೇ ಕೆಲ್ಸ ಕಣಪ್ಪ,” ಎಂದರು ಚಿಕ್ಕಮ್ಮ.

ಆತ ಕೊನೆಗೆ ಕನ್ನಡದಲ್ಲಿ ಮಾತಾಡಿದ್ದರಿಂದ ಚಿಕ್ಕಪ್ಪ ‘ಕಷ್ಟಪಟ್ಟು’ ಚೌಕಕ್ಕೇ ಟಿಕ್ ಹಾಕಿಕೊಂಡರು.

ದೂರು ಹೇಳುವುದು ಇನ್ನೂ ದೊಡ್ಡ ಸಂಕಟವಾಯಿತು. ಸುಳ್ಳು ದೂರು ಹೇಳಲು ಮನಸ್ಸು ಒಪ್ಪದು. ಬನಶಂಕರಿಯ ಒಂದು ಹೋಟೆಲಿಗೆ ಮೂರು ದಿನ ಹೋಗಿ ತಪ್ಪು ಹುಡುಕಿದರು. ಇಡ್ಲಿ ಮೃದು, ಚಟ್ನಿ ತಾಜಾ, ಲೋಟ ಫಳಫಳ. ಮೂರನೇ ದಿನ ಸೋತು ಮ್ಯಾನೇಜರ್ ಮುಂದೆ ನಿಂತು, “ದಿ ವಡೆ ಈಸ್ ವೆರಿ ಗುಡ್. ಐ ಆ್ಯಮ್ ನಾಟ್ ಹ್ಯಾಪಿ,” ಎಂದರಂತೆ.

“ಏನ್ ಸಾರ್ ಪ್ರಾಬ್ಲಮ್ಮು?”

“ಪ್ರಾಬ್ಲಮ್ ಇಲ್ಲ. ಅದೇ ಪ್ರಾಬ್ಲಮ್ಮು.”

ಮ್ಯಾನೇಜರ್ ಭಯಬಿದ್ದು ಇನ್ನೊಂದು ವಡೆ ಕಳಿಸಿದ. ಅದೂ ಚೆನ್ನಾಗಿತ್ತು. ಪಟ್ಟಿಯಲ್ಲಿ ‘ಇನ್ನೂ ಇಲ್ಲ’ ಎಂದು ಗುರುತಾಯಿತು.

ಹೀಗೆ ಸಾಗುತ್ತಾ ಇಪ್ಪತ್ತೇಳನೇ ಸಾಲು ಬಂತು: ‘ನನಗೆ ಹತ್ತಿರದ ಒಬ್ಬರ ಬಗ್ಗೆ ಐದು ನಿಮಿಷ ಮಾತಾಡಬಲ್ಲೆ.’ ಕೇಳಲು ಕನ್ನಡ ಬಾರದವರೇ ಬೇಕಲ್ಲ? ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಒಡಿಶಾದ ಟೀಚರಮ್ಮನನ್ನು ಒಂದು ಭಾನುವಾರ ಬೆಳಿಗ್ಗೆ ಕಾಫಿಗೆ ಕರೆದರು. ನಾನೂ ಹೋಗಿದ್ದೆ. ಇಂಗ್ಲಿಷಿನ ಗಂಧವಿಲ್ಲದ ಚಿಕ್ಕಮ್ಮ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, “ಮೈ ವೈಫ್. ಹೈಟ್, ಫೈವ್ ಫೀಟ್ ಒನ್ ಇಂಚ್,” ಎಂದು ಶುರುಮಾಡಿದಾಗ ನಾನು ನಗು ತಡೆದುಕೊಂಡೆ. ಅಳತೆಯ ಇಲಾಖೆಯವರು ಇನ್ನೆಲ್ಲಿಂದ ಶುರುಮಾಡಿಯಾರು?

ಆಮೇಲೆ ಒಂದೊಂದೇ ಪದ ಹುಡುಕುತ್ತಾ, ನಿಲ್ಲುತ್ತಾ ಇಂಗ್ಲಿಷಿನಲ್ಲೇ ಹೇಳಿದರು: “ನನ್ನ ತಾಯಿ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಅಷ್ಟೂ ದಿನ ಇವಳು ತವರಿನಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ಸ್ವಂತ ತಂಗಿಯ ಮದುವೆಗೂ ಬೆಳಿಗ್ಗೆ ಹೋಗಿ ಸಂಜೆ ಬಂದಳು. ನಾನು ಆಗ ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಕನ್ನಡದಲ್ಲಿ ಹೇಳಲು ನನಗೆ ನಾಚಿಕೆ.”

ಟೀಚರಮ್ಮ ಕಾಫಿ ಲೋಟ ಕೆಳಗಿಟ್ಟರು.

“ಏನಂತೆ?” ಎಂದು ಚಿಕ್ಕಮ್ಮ ನನ್ನನ್ನು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಚಿಕ್ಕಮ್ಮನ ಕೈ ನಿಂತಿತು.

“ಸಂಜೆ ಅಲ್ಲ ಕಣೇ, ಮಧ್ಯಾಹ್ನ,” ಎಂದರು. “ಧಾರೆ ಆದ ತಕ್ಷಣ ಬಸ್ ಹತ್ತಿದ್ದೆ. ಸಂಜೆ ಇವ್ರು ಆಫೀಸಿಂದ ಬಂದಾಗ ನಾನ್ ಮನೇಲಿದ್ದೆ, ಅಷ್ಟೇ.”

ಚಿಕ್ಕಪ್ಪ ಕನ್ನಡದಲ್ಲಿ, ಮೆಲ್ಲಗೆ ಕೇಳಿದರು: “ಹಾಗಾದ್ರೆ ಆವತ್ತು ಮದ್ವೆ ಊಟ ಮಾಡ್ಲಿಲ್ವಾ ನೀನು?”

“ಇಲ್ಲ,” ಎಂದರು ಚಿಕ್ಕಮ್ಮ, ಮೊರದಿಂದ ತಲೆಯೆತ್ತದೆ. “ಮನೇಗ್ ಬಂದು, ಅತ್ತೆಗೆ ಗಂಜಿ ಕುಡಿಸಿ, ಆಮೇಲೆ ಮಾಡ್ದೆ.”