ಪ್ರಳಯ ಪಾಸಾದ ರಾಜ್ಯ

ಬಹಳ ಹಿಂದೆ, ಅಂದರೆ ಕೆರೆಗಳಲ್ಲಿ ನೀರೂ ಕಚೇರಿಗಳಲ್ಲಿ ಜನರೂ ಇರುತ್ತಿದ್ದ ಕಾಲದಲ್ಲಿ, ಬಿರುದಾವತಿ ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಬಿರುದಾಂಕವರ್ಮ ಪ್ರಭುಗಳು. ಅವರ ಪೂರ್ತಿ ಹೆಸರು ಹೇಳಿ ಮುಗಿಸಲು ಹೊಗಳುಭಟರಿಗೆ ಒಂದು ತಾಸು ಬೇಕಾಗುತ್ತಿತ್ತು. ಪತ್ರಿಕೆಯಲ್ಲಿ ಅಷ್ಟು ಜಾಗವಿಲ್ಲದ ಕಾರಣ ಇಲ್ಲಿಗೇ ನಿಲ್ಲಿಸಿದ್ದೇನೆ. ಓದುತ್ತ ಹೋದಂತೆ ತಮಗೆ ಗೊತ್ತಿರುವ ಯಾವುದಾದರೂ ಕಚೇರಿ ನೆನಪಾದರೆ ಅದಕ್ಕೆ ಓದುಗರ ಜ್ಞಾಪಕಶಕ್ತಿಯೇ ಹೊಣೆ, ನಾನಲ್ಲ.

ಅರಮನೆಯ ನೆಲಮಾಳಿಗೆಯಲ್ಲಿ ಗಣಕಶಾಲೆಯಿತ್ತು. ಅಲ್ಲಿ ನಲವತ್ತು ಹಳೆಯ ಕಂಪ್ಯೂಟರುಗಳು ಸದಾ ಗುಂಯ್‌ಗುಡುತ್ತ, ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕೆಂಬ ಪಟ್ಟಿಯನ್ನು ಇಟ್ಟುಕೊಂಡು, ದೊಡ್ಡಕೆರೆಯ ತೂಬುಗಳನ್ನು ತೆರೆಯುವುದು ಮುಚ್ಚುವುದು ಮಾಡುತ್ತಿದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದಾಕೆಯ ಹೆಸರು ಸೇವಾಪುಸ್ತಕದಲ್ಲಿ ಮಾದಲಾಂಬಿಕೆ, ಊರವರ ಬಾಯಲ್ಲಿ ಮಾದಕ್ಕ. ಹದಿನೇಳು ವರ್ಷದಿಂದ ಆಕೆ ಅಲ್ಲಿ ಉಪಗಣಕಾಧಿಕಾರಿ. ಯಾವ ಯಂತ್ರ ಕೆಟ್ಟಿದೆ ಎಂದು ಪರದೆ ನೋಡಿಯಲ್ಲ, ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಹೇಳುತ್ತಿದ್ದಳು. ಗಣಕಾಧ್ಯಕ್ಷರು ಮೂರು ವರ್ಷದ ಹಿಂದೆ ನಿವೃತ್ತರಾದ ಮೇಲೆ ಅವರ ಕೆಲಸವನ್ನೂ ಅವಳೇ ಮಾಡುತ್ತಿದ್ದಳು. ಕೆಲಸವನ್ನು ಕೊಟ್ಟಿದ್ದರು, ಕುರ್ಚಿಯನ್ನು ಕೊಟ್ಟಿರಲಿಲ್ಲ. ಆ ಕುರ್ಚಿ ಮೇಲಿನ ಅಂತಸ್ತಿನ ಕೋಣೆಯಲ್ಲಿತ್ತು, ಕೋಣೆಗೆ ಕಿಟಕಿಯಿತ್ತು. ಹದಿನೇಳು ವರ್ಷ ಬೆಳಕಿಲ್ಲದ ಕಡೆ ದುಡಿದ ಮಾದಕ್ಕನಿಗೆ ಕುರ್ಚಿಗಿಂತ ಆ ಕಿಟಕಿಯ ಮೇಲೇ ಆಸೆ.

ಹೀಗಿರಲು ಮಹಾರಾಜರು ನೆರೆರಾಜ್ಯದ ಮದುವೆಯೊಂದಕ್ಕೆ ಹೋಗಿ ಬಂದರು. ಬಂದವರು ಊಟ ಮಾಡಲಿಲ್ಲ, ವೀಳ್ಯ ಹಾಕಲಿಲ್ಲ, ಹೊಗಳಿಕೆಯನ್ನು ಸಹ ಅರ್ಧದಲ್ಲೇ ನಿಲ್ಲಿಸಿಬಿಟ್ಟರು. ರಾಜವೈದ್ಯರು ಗಾಬರಿಯಾದರು. ಸಭೆ ಕರೆಯಲಾಯಿತು. ಗಣಕಶಾಲೆಯ ಪರವಾಗಿ ಮಾದಕ್ಕನೂ ಹೋಗಿ ಕಂಬದ ಮರೆಯಲ್ಲಿ ನಿಂತಳು.

"ಮಂತ್ರಿಗಳೇ, ನೆರೆಯವನ ರಾಜ್ಯಭಾರವೆಲ್ಲ ಈಗ ಮುಗಿಲಿನಲ್ಲಿ ನಡೆಯುತ್ತಿದೆಯಂತೆ! ನಮ್ಮದು ಇನ್ನೂ ನೆಲಮಾಳಿಗೆಯಲ್ಲಿದೆಯೆ?" ಎಂದು ಮಹಾರಾಜರು ಗದ್ಗದಿತರಾದರು.

ಮಹಾಮಂತ್ರಿ ಸ್ತುತಿಧರರು ಎದ್ದು ಕೈಮುಗಿದರು. "ಮಹಾಪ್ರಭು, ತಮ್ಮ ಪಾದಗಳು ನೆಲದ ಮೇಲಿರುವುದೇ ಮುಗಿಲಿಗೆ ಆಗಿರುವ ಅನ್ಯಾಯ. ಅಪ್ಪಣೆಯಾದರೆ ನಾಳೆಯೇ ರಾಜ್ಯವನ್ನು ಮೇಲಕ್ಕೆ ಎತ್ತಿಸುತ್ತೇನೆ."

ಮಾದಕ್ಕನಿಗೆ ತಡೆಯಲಾಗಲಿಲ್ಲ. "ಮಹಾಸ್ವಾಮಿ, ಮುಗಿಲು ಅಂತಾರೆ ಅಷ್ಟೇ. ಅಲ್ಲೂ ಇರೋದು ಯಂತ್ರಾನೇ, ಬೇರೆಯವ್ರ ಮನೇಲಿ ಇರ್ತದೆ, ನಾವು ಬಾಡಿಗೆಗೆ ತಗೊಂಡು ದೂರದಿಂದ ಬಳಸೋದು. ಕೆಲವು ಕೆಲಸಕ್ಕೆ ಒಳ್ಳೇದೇ ಅದು. ನೀರಿನ ಪಟ್ಟಿ ಮಾತ್ರ ಒಂದು ಪ್ರತಿ ನಮ್ಮತ್ರಾನೂ ಇರ್ಲಿ."

ಸ್ತುತಿಧರರು ಕನ್ನಡಕದ ಮೇಲಿನಿಂದ ನೋಡಿದರು. "ಈಕೆಗೆ ಮುಗಿಲಿನ ವಿಷಯದಲ್ಲಿ ಪ್ರಮಾಣಪತ್ರವಿದೆಯೆ?"

"ಪತ್ರ ಇಲ್ಲ ಬುದ್ಧಿ. ಹದಿನೇಳು ವರ್ಷ ಕೆಲಸ ಮಾಡಿದೀನಿ."

"ಕೆಲಸ ಯಾರಿಗೆ ಬೇಕಾದರೂ ಬರುತ್ತದೆ," ಎಂದರು ಮಹಾರಾಜರು, ಆಳವಾದ ವಿಷಾದದಿಂದ. "ಪತ್ರ ಬರಬೇಕಲ್ಲ?"

ಈ ಮಾತನ್ನು ಆ ಸಂಜೆಯೇ ಶಿಲಾಶಾಸನ ಮಾಡಿಸಿದರು.

ಮರುದಿನ ರಾಜಾಜ್ಞೆ ಹೊರಟಿತು. ಬಿರುದಾವತಿಯು ಇನ್ನು ಮುಂದೆ ಮೇಘರಾಜ್ಯ. ಮುಗಿಲು ವಿದ್ಯಾಪೀಠದ ಪ್ರಮಾಣಪತ್ರ ಇಲ್ಲದವರಿಗೆ ಬಡ್ತಿಯಿಲ್ಲ. ಪತ್ರಗಳಲ್ಲಿ ನಾಲ್ಕು ಮೆಟ್ಟಿಲು: ತುಂತುರು, ಸೋನೆ, ಜಡಿಮಳೆ, ಕೊನೆಯದು ಪ್ರಳಯ. ಪ್ರಳಯ ಪಾಸಾದವರಿಗೆ ಗಣಕಾಧ್ಯಕ್ಷರ ಕುರ್ಚಿ. ಒಂದೊಂದು ಪತ್ರದ ಆಯುಷ್ಯ ಒಂದು ವರ್ಷ; ಆಮೇಲೆ ಜ್ಞಾನವು ತಾನಾಗಿ ಆವಿಯಾಗುವುದರಿಂದ ಮತ್ತೆ ಪರೀಕ್ಷೆ ಬರೆಯತಕ್ಕದ್ದು.

ಮಾದಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಯಂತ್ರದ ಪರೀಕ್ಷೆ ತಾನೆ, ತನಗಲ್ಲದೆ ಇನ್ಯಾರಿಗೆ ಬಂದೀತು ಎಂದುಕೊಂಡಳು. ಓದದೆಯೇ ತುಂತುರು ಪರೀಕ್ಷೆಗೆ ಕೂತಳು. ಮೊದಲ ಪ್ರಶ್ನೆ ಹೀಗಿತ್ತು: ಯಂತ್ರವು ನಿಂತುಹೋದಾಗ ಮೊದಲು ಮಾಡಬೇಕಾದದ್ದೇನು? ಒಂದು, ಏಕೆ ನಿಂತಿತೆಂದು ನೋಡುವುದು. ಎರಡು, ಸಭೆ ಕರೆಯುವುದು. ಮೂರು, ಹೆಚ್ಚಿನ ಬಾಡಿಗೆಯ ಯೋಜನೆಗೆ ಅಪ್‌ಗ್ರೇಡ್ ಆಗುವುದು. ನಾಲ್ಕು, ಯಂತ್ರವು ನಿಂತಿಲ್ಲವೆಂದು ಪ್ರಕಟಣೆ ಹೊರಡಿಸುವುದು. ಮಾದಕ್ಕ ನಗುತ್ತ ಒಂದನೆಯದಕ್ಕೆ ಗುರುತು ಹಾಕಿದಳು. ಉಳಿದ ಪ್ರಶ್ನೆಗಳಿಗೂ ಹಾಗೇ, ತಾನು ದಿನಾ ಮಾಡುತ್ತಿದ್ದುದನ್ನೇ ಉತ್ತರವಾಗಿ ಬರೆದಳು. ಫೇಲಾದಳು. ನೂರಕ್ಕೆ ಒಂಬತ್ತು ಬಂದಿತ್ತು. ಆ ಒಂಬತ್ತು ಹೆಸರು ಸರಿಯಾಗಿ ಬರೆದಿದ್ದಕ್ಕೆ.

ಅದೇ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವರು ಪುಷ್ಪದತ್ತರು. ಅವರು ಮಹಾಮಂತ್ರಿಗಳ ಭಾವಮೈದುನ, ಐವತ್ತರ ಆಸುಪಾಸಿನ ಸಜ್ಜನ, ಅಲ್ಲಿಯವರೆಗೆ ಅರಮನೆಯ ನವಿಲುಗಳ ಉಸ್ತುವಾರಿ ನೋಡಿಕೊಂಡಿದ್ದವರು. ಅಹಂಕಾರವಿಲ್ಲದ ಮನುಷ್ಯ. ಫಲಿತಾಂಶ ಬಂದ ದಿನ ತಾವೇ ನೆಲಮಾಳಿಗೆಗೆ ಇಳಿದು ಬಂದು ಪೇಡ ಕೊಟ್ಟರು.

"ಮಾದಕ್ಕ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಇದನ್ನ ಆನ್ ಮಾಡೋದು ಎಲ್ಲಿ?"

ಮಾದಕ್ಕ ತೋರಿಸಿದಳು. ಅವರು ಗುಂಡಿ ಒತ್ತಿ, ದೀಪ ಹತ್ತಿದ್ದು ಕಂಡು ಮಗುವಿನಂತೆ ಸಂತೋಷಪಟ್ಟರು.

"ಸ್ವಾಮೀ, ಹೆಂಗೆ ಪಾಸಾದ್ರಿ?"

"ಅಯ್ಯೋ, ಅರಮನೆ ಹಿಂದಿನ ವೀಳ್ಯದೆಲೆ ಅಂಗಡೀಲಿ ಪ್ರಶ್ನೆ ಕಟ್ಟು ಸಿಗತ್ತಲ್ಲಮ್ಮ, ಉತ್ತರದ ಸಮೇತ. ಉರು ಹೊಡೆದ್ರೆ ಆಯ್ತು. ಅರ್ಥ ಮಾಡ್ಕೊಳಕ್ಕೆ ಹೋದ್ರೆ ಟೈಮು ಸಾಕಾಗಲ್ಲ."

ಮನೆಯಲ್ಲಿ ಗಂಡ ಗುರುಬಸಪ್ಪನೂ ಅದನ್ನೇ ಹೇಳಿದ. ಅವನು ಮಹಾರಾಜರಿಗೆ ಛತ್ರಿ ಹಿಡಿಯುವ ಕೆಲಸದವನು. ಆಸ್ಥಾನದ ಗಾಳಿ ಯಾವ ಕಡೆ ಬೀಸುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ನಿಂಗೆ ಗೊತ್ತಿರೋದನ್ನ ಯಾಕೆ ಬರೀತೀಯೆ? ಅವ್ರಿಗೆ ಬೇಕಾದ್ದು ಬರಿ," ಎಂದು ಎಲೆಯಡಿಕೆಯ ಜೊತೆಗೇ ಕಟ್ಟನ್ನೂ ತಂದು ಮುಂದಿಟ್ಟ.

"ತಪ್ಪು ಉತ್ತರ ಬಾಯಿಪಾಠ ಮಾಡು ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಆಗ್ತದೆ. ಬಿಸಿಲಿಲ್ಲದಾಗ್ಲೂ ಛತ್ರಿ ಹಿಡೀತೀನಿ, ಆಗ್ಲೂ ಆಗ್ತದೆ. ಕಿಟಕಿ ಬೇಕೋ ಬೇಡ್ವೋ ಹೇಳು."

ಮಾದಕ್ಕ ಎರಡು ದಿನ ಕಟ್ಟನ್ನು ಮುಟ್ಟಲಿಲ್ಲ. ಮೂರನೆಯ ದಿನ ಬಿಚ್ಚಿದಳು. ಅನ್ನ ಬಸಿಯುತ್ತ, ಬಟ್ಟೆ ಒಗೆಯುತ್ತ ಉರು ಹೊಡೆದಳು. ತುಂತುರು ಪಾಸಾಯಿತು. ತಿಂಗಳೊಪ್ಪತ್ತಿನಲ್ಲಿ ಸೋನೆಯೂ ಆಯಿತು. ಎದೆಗೆ ಚುಚ್ಚಿಕೊಳ್ಳಲು ನೀಲಿ ಬಣ್ಣದ ಬಿಲ್ಲೆ ಕೊಟ್ಟರು. ಮೊದಲು ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು; ವಾರ ಕಳೆಯುವುದರೊಳಗೆ ಸೆರಗು ತಾನಾಗಿ ಸರಿಯತೊಡಗಿತು. ದಾರಿಯಲ್ಲಿ ಕಂಡವರು ಬಿಲ್ಲೆ ನೋಡಿ ನಮಸ್ಕಾರ ಮಾಡುತ್ತಿದ್ದರು. ಹದಿನೇಳು ವರ್ಷ ನೀರು ಬಿಟ್ಟದ್ದಕ್ಕೆ ಒಬ್ಬರೂ ಮಾಡಿರಲಿಲ್ಲ.

ಜಡಿಮಳೆಗೆ ಆರು ವಾರದ ತರಬೇತಿ ಕಡ್ಡಾಯ. ಗುಡ್ಡದ ಮೇಲಿನ ಅತಿಥಿಗೃಹದಲ್ಲಿ ಬೆಳಗಿನಿಂದ ಸಂಜೆಯವರೆಗೆ ಸ್ಲೈಡು ತೋರಿಸಿದರು. ಸ್ಲೈಡಿನ ತುಂಬ ಮೋಡದ ಚಿತ್ರ, ಮೋಡದಿಂದ ಮೋಡಕ್ಕೆ ಬಾಣದ ಗುರುತು. ಮಾದಕ್ಕ ಅದನ್ನೂ ಮುಗಿಸಿ, ಬಿಲ್ಲೆ ಬದಲಾಯಿಸಿಕೊಂಡು ಇಳಿದು ಬಂದಾಗ ಗಣಕಶಾಲೆಯ ಬಾಗಿಲಲ್ಲಿ ಪುಟ್ಟವ್ವ ಕೂತಿದ್ದಳು. ಕುಂಬಾರಬೀದಿಯ ಮುದುಕಿ, ಪಕ್ಕದಲ್ಲಿ ಖಾಲಿ ಕೊಡ.

"ಬಂದ್ಯಾ ತಾಯಿ? ಹದಿನಾಕು ದಿನ ಆಯ್ತು ನಮ್ ಬೀದೀಗೆ ನೀರು ಬಿಟ್ಟು. ಮಣ್ಣು ಕಲಸಕ್ಕಿರ್ಲಿ, ಕುಡಿಯಕ್ಕೂ ಗತಿಯಿಲ್ಲ. ಇಲ್ಲಿ ಕೇಳಿದ್ರೆ ನೀನು ಮಳೆ ಕಲಿಯಕ್ಕೆ ಹೋಗಿದೀ ಅಂದ್ರು."

ಇಪ್ಪತ್ತಮೂರನೆಯ ಯಂತ್ರದ ಫ್ಯಾನಿಗೆ ಧೂಳು ಕಟ್ಟಿ ಬಿಸಿಯಾಗಿ ನಿಂತಿತ್ತು. ಕುಂಚದಿಂದ ಗುಡಿಸಿದರೆ ಸರಿಹೋಗುವ ಕೆಲಸ. ಮಾದಕ್ಕ ಕಾಲು ಗಂಟೆಯಲ್ಲಿ ಮುಗಿಸಿದಳು. ಪುಟ್ಟವ್ವ ಒಂದು ಬೈಗುಳವನ್ನೂ ಬೈಯದೆ ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮಾದಕ್ಕನಿಗೆ. ಬಿಲ್ಲೆಯನ್ನು ತೆಗೆದು ಮೇಜಿನ ಖಾನೆಯಲ್ಲಿ ಹಾಕಿದಳು.

ಆದರೂ ಪ್ರಳಯಕ್ಕೆ ಅರ್ಜಿ ಹಾಕಿದಳು. ಆಸೆ ಅಷ್ಟು ಬೇಗ ಬಿಡುವಂಥದಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಹೊಸ ಸೀರೆ ಉಟ್ಟು ಹೊರಟವಳು, ದಾರಿಯಲ್ಲೇ ಇದೆಯಲ್ಲ ಎಂದು ಗಣಕಶಾಲೆಗೆ ಇಣುಕಿದಳು. ಬಾಗಿಲಲ್ಲೇ ಕಾಲು ನಿಂತಿತು. ನಲವತ್ತರ ಗುಂಯ್‌ಗುಡುವಿಕೆಯಲ್ಲಿ ಒಂಬತ್ತರ ದನಿ ಕಾಣೆಯಾಗಿತ್ತು, ಅಷ್ಟೂ ಕೆಳಪೇಟೆಯವು. ಕೆಳಪೇಟೆಗೆ ನೀರು ಬಿಡುವ ಹೊತ್ತಿಗೆ ಇನ್ನೊಂದೇ ತಾಸು. ಪರೀಕ್ಷೆಯ ಗಂಟೆ ಹೊಡೆಯಲೂ ಒಂದೇ ತಾಸು. ಮಾದಕ್ಕ ಹೊಸ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಯಂತ್ರಗಳ ಹಿಂದಕ್ಕೆ ತೂರಿದಳು. ಇಲಿ ಕಡಿದ ತಂತಿಗಳನ್ನು ಒಂದೊಂದಾಗಿ ಹುಡುಕಿ ಸುತ್ತಿ ಈಚೆ ಬಂದಾಗ ಮಧ್ಯಾಹ್ನ ತಿರುಗಿತ್ತು. ಕೆಳಪೇಟೆಗೆ ನೀರು ಹೋಗಿತ್ತು. ಕಿಟಕಿಯೂ ಹೋಗಿತ್ತು.

ಪುಷ್ಪದತ್ತರು ಗಣಕಾಧ್ಯಕ್ಷರಾದರು. ಆ ಪದವಿಗೆ ಮೇಘಾಧ್ಯಕ್ಷ ಎಂದು ಮರುನಾಮಕರಣವಾಯಿತು. ಶುಭಮುಹೂರ್ತದಲ್ಲಿ ನೀರಿನ ಪಟ್ಟಿಯನ್ನೆಲ್ಲ ಮುಗಿಲಿಗೆ ಏರಿಸಿ, ಹಳೆಯ ಯಂತ್ರಗಳನ್ನು ಗುಜರಿಯವರಿಗೆ ಕೊಟ್ಟರು. ಗಾಡಿ ಹೋಗುವಾಗ ಮಾದಕ್ಕ ಹೊರಗೆ ನಿಂತು ನೋಡಿದಳು. ಬಿಸಿಲಿನಲ್ಲಿ ಅವು ಇಷ್ಟು ಸಣ್ಣವೇ ಅನ್ನಿಸಿತು. ತೂಬು ತೆರೆಯಲು ಇನ್ನು ಪುಷ್ಪದತ್ತರ ಪಾಸ್‌ವರ್ಡ್ ಒಂದೇ ದಾರಿ. ಅದು ಪ್ರಳಯ ಪಾಸಾದವರಿಗೆ ಮಾತ್ರ ಕೊಡುವಂಥದ್ದು, ಮತ್ತು ಆ ಅರ್ಹತೆಯುಳ್ಳವರು ರಾಜ್ಯದಲ್ಲಿ ಅವರೊಬ್ಬರೇ.

ಹೊಸ ವ್ಯವಸ್ಥೆ ಒಂದು ವರ್ಷ ನಡೆಯಿತು, ನಡೆಯಲಿಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ವರ್ಷ ತುಂಬಿದ ಮಾರನೆಯ ದಿನ ಪುಷ್ಪದತ್ತರ ಪತ್ರದ ಆಯುಷ್ಯ ಮುಗಿಯಿತು. ಮುಗಿಲು ಅವರನ್ನು ಒಳಗೆ ಬಿಡಲಿಲ್ಲ. ಮರುಪರೀಕ್ಷೆಗೆ ಹೆಸರು ಕೊಡಬೇಕೆಂದರೆ ಅದಕ್ಕೂ ಒಳಗೇ ಹೋಗಬೇಕಿತ್ತು. ಮಳೆಗಾಲ ಚೆನ್ನಾಗಿ ಆಗಿ ದೊಡ್ಡಕೆರೆ ಕೋಡಿ ಬಿದ್ದು ಹರಿಯುತ್ತಿತ್ತು. ಊರಿನ ಒಂದು ನಲ್ಲಿಯಲ್ಲೂ ಹನಿ ನೀರಿಲ್ಲ. ಸ್ತುತಿಧರರು ನಾಲ್ಕು ಸಭೆ ಕರೆದರು. ನೀರು ಬರುತ್ತಿದೆಯೆಂದು ಪ್ರಕಟಣೆ ಹೊರಡಿಸಿದರು.

ಮೂರನೆಯ ದಿನ ಪುಷ್ಪದತ್ತರು ಮಾದಕ್ಕನ ಮನೆಯ ಜಗಲಿಗೆ ಬಂದು ಕೂತರು. ಬಿಲ್ಲೆ ಇರಲಿಲ್ಲ, ಮುಖ ಬಾಡಿತ್ತು.

"ಕಟ್ಟಿನಲ್ಲಿ ಇದಕ್ಕೆ ಉತ್ತರ ಇಲ್ಲ ಮಾದಕ್ಕ. ಪೂರ್ತಿ ಹುಡುಕಿದೆ."

ಮಾದಕ್ಕ ಅವರನ್ನು ಬೈಯಲಿಲ್ಲ. "ತೂಬಿಗೆ ಕೈಯಲ್ಲಿ ತಿರುಗಿಸೋ ಚಕ್ರ ಅದೆ ಸ್ವಾಮೀ. ತುಕ್ಕು ಹಿಡಿದಿರ್ತದೆ. ಎಣ್ಣೆ ತಗೊಂಡ್ ಬನ್ನಿ."

ಕೆರೆ ಏರಿಯ ಮೇಲೆ ಇಬ್ಬರೂ ಚಕ್ರಕ್ಕೆ ಹೆಗಲು ಕೊಟ್ಟರು. ಗುರುಬಸಪ್ಪನೂ ಮಹಾರಾಜರ ಛತ್ರಿಯನ್ನು ಒಂದು ಕಂಬಕ್ಕೆ ಒರಗಿಸಿ ಓಡಿ ಬಂದ. ಯಾವ ಬೀದಿಗೆ ಎಷ್ಟು ಹೊತ್ತು ಎಂಬುದು ಮಾದಕ್ಕನ ತಲೆಯಲ್ಲೇ ಇತ್ತು. ನಾಲ್ಕು ದಿನ ಆಕೆ ಏರಿಯ ಮೇಲೇ ನಿಂತು, ಬಿಸಿಲು ನೋಡಿ ಹೊತ್ತು ಲೆಕ್ಕ ಹಾಕಿ ಬೀದಿಬೀದಿಗೂ ನೀರು ಬಿಟ್ಟಳು. ಪುಷ್ಪದತ್ತರ ಅಂಗೈಯಲ್ಲಿ ಬೊಬ್ಬೆ ಎದ್ದವು. "ನವಿಲುಗಳ ಹತ್ರ ಇದ್ದಾಗಿನ ಹಾಗೆ ನಿದ್ದೆ ಬರ್ತಿದೆ ಮಾದಕ್ಕ," ಎಂದರು ಅವರು. ಕೆಳಗೆ ಕುಂಬಾರಬೀದಿಯಿಂದ ಯಾರೋ ಕೂಗಿ ಕೈ ಬೀಸಿದರು. ಅಷ್ಟು ವರ್ಷದಲ್ಲಿ ತಾನು ಬಿಟ್ಟ ನೀರು ಹೋಗುವುದನ್ನು ಮಾದಕ್ಕ ಕಣ್ಣಾರೆ ನೋಡಿದ್ದು ಅದೇ ಮೊದಲು.

ಐದನೆಯ ದಿನ ಆಸ್ಥಾನದಿಂದ ಕರೆ ಬಂತು.

"ತೂಬು ತೆರೆದವರು ಯಾರು?" ಎಂದು ಕೇಳಿದರು ಮಹಾರಾಜರು.

"ನಾನೇ ಮಹಾಸ್ವಾಮಿ. ಜನ ಬಾಯಾರಿ..."

"ಪ್ರಭು, ಈಕೆಯದು ಜಡಿಮಳೆ ಮಾತ್ರ, ಅದೂ ವರ್ಷ ತುಂಬಿ ಆವಿಯಾಗಿದೆ," ಎಂದು ಸ್ತುತಿಧರರು ನಡುಗುವ ದನಿಯಲ್ಲಿ ವಿವರಿಸಿದರು. "ಪ್ರಳಯವಿಲ್ಲದವರ ಕೈಯಿಂದ ಬಂದದ್ದು ಅನಧಿಕೃತ ನೀರು. ಜನರು ನಾಲ್ಕು ದಿನ ಅದನ್ನು ಕುಡಿದಿದ್ದಾರೆ. ತಿಳಿಯದೆ ಕುಡಿದಿದ್ದಾರೆ ಎಂಬುದೇ ಇಲ್ಲಿನ ದುರಂತ. ಪ್ರಜೆಗಳಲ್ಲಿ ಮೇಘಜ್ಞಾನ ಇಲ್ಲದಿರುವುದೇ ಇದಕ್ಕೆಲ್ಲ ಮೂಲ."

ಮಹಾರಾಜರು ಬಹಳ ಹೊತ್ತು ಯೋಚಿಸಿದರು. ಅವರು ಯೋಚಿಸುವುದನ್ನು ನೋಡಲು ಆಸ್ಥಾನದಲ್ಲಿ ಪಾಸು ಕೊಟ್ಟು ಜನರನ್ನು ಬಿಡುತ್ತಿದ್ದರು. ಕೊನೆಗೆ ಅವರ ಮುಖ ಬೆಳಗಿತು.

"ಹಾಗಾದರೆ ಪ್ರಜೆಗಳೂ ಪಾಸಾಗಲಿ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಿರುದಾಂಕವರ್ಮ ಪ್ರಭುಗಳಿಗೆ ಅಲ್ಲೇ ಮೇಘಸಾರ್ವಭೌಮ ಎಂಬ ಬಿರುದನ್ನು ಅರ್ಪಿಸಲಾಯಿತು. ಹೊಗಳುಭಟರ ತಾಸಿಗೆ ಅರ್ಧ ನಿಮಿಷ ಸೇರಿತು. ಪುಷ್ಪದತ್ತರನ್ನು ಅವರ ಕೋರಿಕೆಯಂತೆ ನವಿಲುಗಳಿಗೆ ಮರಳಿಸಿದರು. ಮಾದಕ್ಕನನ್ನು ಅಪರಾಧಿಯೆಂದು ಸಾರಿ, ಚಕ್ರ ತಿರುಗಿಸಲು ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ, ಶಿಕ್ಷೆಯಾಗಿ ಕೆರೆ ಏರಿಯ ಮೇಲೇ ನಿಯೋಜಿಸಿದರು. ನೀರಿಗೆ ಬಂದವರ ಪತ್ರ ಪರಿಶೀಲಿಸಿ ಕೊಡ ತುಂಬಿಸಬೇಕು. ನಲ್ಲಿಗಳಿಗೆ ಮೊಹರು ಹಾಕಿದ್ದಾಯಿತು. ಬೇಡವೆನ್ನಬೇಕೆಂದು ಮಾದಕ್ಕನ ಬಾಯಿಗೆ ಬಂದಿತ್ತು. ತಾನು ಬಿಟ್ಟರೆ ಆ ಜಾಗಕ್ಕೆ ತೂಬು ಯಾವುದು ಚಕ್ರ ಯಾವುದು ತಿಳಿಯದವರು ಬಂದು ಕೂರುತ್ತಾರೆಂದು ಒಪ್ಪಿಕೊಂಡಳು.

ಬಿರುದಾವತಿಯ ಜನ ಓದಲು ಕೂತರು. ಅಗಸರು, ಕಮ್ಮಾರರು, ಬಾಣಂತಿಯರು ಕೂಡ ಕಟ್ಟು ಹಿಡಿದು ಉರು ಹೊಡೆದರು. ವೀಳ್ಯದೆಲೆ ಅಂಗಡಿಯವನು ಎಲೆ ಮಾರುವುದನ್ನೇ ಬಿಟ್ಟ. ಕೆರೆ ತುಂಬಿ ಕೋಡಿಯಲ್ಲಿ ಹರಿದು ಹೋಗುತ್ತಲೇ ಇತ್ತು. ಪುಟ್ಟವ್ವ ಮೂರು ಸಲ ಫೇಲಾಗಿ ನಾಲ್ಕನೆಯ ಸಲ ತುಂತುರು ಪಾಸಾದಳು. ಪತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಕೊಡ ಹಿಡಿದು ಏರಿ ಹತ್ತಿ ಬಂದಳು.

"ಇದಕ್ಕೆ ಒಂದೇ ಕೊಡ ಪುಟ್ಟವ್ವ," ಎಂದಳು ಮಾದಕ್ಕ. "ಎರಡಕ್ಕೆ ಸೋನೆ ಆಗಿರ್ಬೇಕು."

"ಮನೇಲಿ ಆರು ಜನ ಇದೀವಲ್ಲ ತಾಯಿ."

"ಆರು ಜನಕ್ಕಾದ್ರೆ ಜಡಿಮಳೆ."

ಪುಟ್ಟವ್ವ ಒಂದು ಕೊಡವನ್ನು ಕೆಳಗಿಟ್ಟಳು. "ಕುಡಿಯಕ್ಕೆ, ಅಡಿಗೇಗೆ ಅದು ಆಯ್ತು. ಸ್ನಾನಕ್ಕೆ?"

ಮಾದಕ್ಕ ಕೊಡದಿಂದ ಕಣ್ಣು ಎತ್ತಲಿಲ್ಲ.

"ಸ್ನಾನಕ್ಕೆ ಪ್ರಳಯವೇ ಆಗ್ಬೇಕು ಪುಟ್ಟವ್ವ."