ಇಲಿಯ ಜೊಲ್ಲುಗ್ರಂಥಿಯಲ್ಲಿ ನನ್ನ ಮಹಾಶೋಧ

ಇಲಿಗೂ ಬಾಯಲ್ಲಿ ನೀರೂರುತ್ತದೆ. ಊರಿಸುವ ನರಕೋಶಗಳು ಅದರ ಜೊಲ್ಲುಗ್ರಂಥಿಯೊಳಗೆ ಅಲ್ಲಲ್ಲಿ ಗುಂಪಾಗಿ ಕೂತಿರುತ್ತವೆ. ಆ ಗುಂಪುಗಳ ಸೂಕ್ಷ್ಮ ರಚನೆಯೇ ನನ್ನ ಪಿಎಚ್.ಡಿ. ವಿಷಯ. ಪ್ರಾಣಿಶಾಸ್ತ್ರದ ಮೇಷ್ಟ್ರಾದ ನಾನು ವರ್ಷಗಟ್ಟಲೆ ಹುಡುಕಿದರೂ ಒಂದೇ ಒಂದು ಗುಂಪು ಸಿಕ್ಕಿರಲಿಲ್ಲ. ದಸರಾ ರಜೆಯೊಳಗೆ ಒಂದಾದರೂ ತೋರಿಸಿ, ಇಲ್ಲವಾದರೆ ವಿಷಯ ಬಿಡಿ ಎಂದು ಗೈಡ್ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಹೆದರುವ ಆಸಾಮಿಯೇ ನಾನು? ಕಾಲೇಜಿನ ಮೈಕ್ರೋಸ್ಕೋಪನ್ನೇ, ಗ್ರಂಥಿಯ ತೆಳು ಸೀಳುಗಳನ್ನು ಅಂಟಿಸಿದ ಗಾಜಿನ ಸ್ಲೈಡುಗಳ ಸಮೇತ, ಚಾಮರಾಜಪೇಟೆಯ ಮನೆಗೆ ಹೊತ್ತು ತಂದೆ. ಮಾರನೆಯ ದಿನವೇ ಆಯುಧಪೂಜೆ. ಹೆಂಡತಿ ಸುಧಾ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಅರಿಶಿನ ಕುಂಕುಮ ಇಡುತ್ತಿದ್ದಳು. ನನ್ನ ಆಯುಧದ ಪೂಜೆಗೆ ನಾನೇ ಕೂತೆ. ಕಣ್ಣಿಟ್ಟು ನೋಡುವ ಐಪೀಸೇ ಅದರ ಪ್ರಾಣ ತಾನೆ? ಅದನ್ನು ಹೊರಗೆಳೆದು ಮೇಲೂ ಕೆಳಗೂ ಭಕ್ತಿಯಿಂದ ಅರಿಶಿನ ಹಚ್ಚಿದೆ.

"ಗಾಜಿಗೆ ಯಾಕ್ರೀ ಹಚ್ತೀರಾ?" ಎಂದಳು ಸುಧಾ.

ವಿಜ್ಞಾನದಲ್ಲಿ ತಲೆ ಹಾಕಬೇಡ ಎಂದೆ. ವಿಜಯದಶಮಿಯ ಬೆಳಿಗ್ಗೆ ಪಂಚೆಯ ತುದಿಯಿಂದ ಅದರ ಮೇಲಿನ ಗಾಜನ್ನು ಒರೆಸಿ ಸಿಕ್ಕಿಸಿ, ಮೊದಲ ಸ್ಲೈಡ್ ನೋಡಿದೆ.

ಇತ್ತು! ದುಂಡುದುಂಡಾಗಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿದ ನರಕೋಶಕ್ಕೆ ಬರಬೇಕಾದ ಅದೇ ಹಳದಿಗಂದು ಬಣ್ಣದಲ್ಲಿ! ಎರಡನೆಯ ಸ್ಲೈಡಿನಲ್ಲೂ ಇತ್ತು! ಮೂರನೆಯದರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ! ಬೇರೆಯವರಾಗಿದ್ದರೆ ಅನುಮಾನಪಡುತ್ತಿದ್ದರು. ನಾನು ಇಲಿಗಳ ಶಿಸ್ತನ್ನು ಮೆಚ್ಚಿಕೊಂಡೆ. ಒಂದು ಸ್ಲೈಡಿನಲ್ಲಿ ಮಾತ್ರ ಪಕ್ಕದಲ್ಲಿ ಇನ್ನೇನೋ ಮಸುಕು ಕಲೆ ಇತ್ತು. ಕೊಳೆ ಎಂದು ಆ ಸ್ಲೈಡನ್ನು ಬಿಸಾಡಲು ಸುಧಾಳ ಕೈಗೆ ಕೊಟ್ಟೆ.

ಫೋನ್ ಮಾಡಿದ ತಕ್ಷಣ ಮೇಡಂ ಮಲ್ಲೇಶ್ವರದಿಂದ ಆಟೋದಲ್ಲಿ ಹೊರಟರು. ಅವರು ಬರುವಷ್ಟರಲ್ಲಿ ನಾನು ಬೀದಿಗೆಲ್ಲ ಮೈಸೂರುಪಾಕ್ ಹಂಚಿಬಿಟ್ಟೆ. ಏನು ಸಿಹಿಸುದ್ದಿ ಎಂದವರಿಗೆ ಇಲಿಯ ಜೊಲ್ಲು ಎಂದೆ. ಕೆಲವರು ತುಂಡನ್ನು ಬಾಯಿಗಿಡದೆ ಕೈಯಲ್ಲೇ ಉಳಿಸಿಕೊಂಡರು.

ಮೇಡಂ ಬಹಳ ಹೊತ್ತು ನೋಡಿದರು. ಆಮೇಲೆ ಅದೇನೋ ಕೈಯಾಡಿಸಿ, ಈಗ ನೋಡಿ ಎಂದರು. ನೋಡಿದೆ.

"ಚೆನ್ನಾಗಿ ಕಾಣ್ತಿದೆ ಮೇಡಂ."

"ಸ್ಲೈಡ್ ತೆಗೆದಿದೀನಿ."

 ಮೇಡಂ ಐಪೀಸನ್ನು ತಿರುಗಿಸಿದರು. ನನ್ನ ನರಕೋಶಗಳು ಶ್ರದ್ಧೆಯಿಂದ ಪ್ರದಕ್ಷಿಣೆ ಹಾಕಿದವು! ಸುಧಾ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು.

ಮೇಡಂ ಅರಿಶಿನ ಒರೆಸಿ ಸ್ಲೈಡುಗಳನ್ನು ಒಂದೊಂದಾಗಿ ನೋಡಿದರು. ಯಾವುದರಲ್ಲೂ ಏನೂ ಇಲ್ಲ. ಇಷ್ಟು ವರ್ಷದ ಶ್ರಮ ನೀರಿನಲ್ಲಿ ಹೋಮವಾಯಿತೆಂದು ನನಗೆ ನಿಜವಾಗಿಯೂ ಅಳು ಬಂತು. ಅಷ್ಟರಲ್ಲಿ ಸುಧಾ ಒಳಗಿಂದ ಒಂದು ಸ್ಲೈಡ್ ತಂದಿಟ್ಟಳು. ಗಾಜು ಕಸದವರ ಕೈಗೆ ಚುಚ್ಚೀತೆಂದು ಕಿಟಕಿಯಲ್ಲಿ ಇಟ್ಟಿದ್ದಳಂತೆ.

ಮೇಡಂ ನೋಡಿದರು. ನೋಡುತ್ತಲೇ ಇದ್ದರು.

"ಜೊಲ್ಲು ಹರಿಯೋ ನಾಳದ ಪಕ್ಕ ಇದೆ. ಅಪ್ಪಟ ನರಕೋಶದ ಗುಂಪು. ವಿಷಯ ಬಿಡೋದು ಬೇಡ. ಇದನ್ಯಾಕ್ರೀ ಬೇರೆ ಇಟ್ಟಿದ್ರಿ?"

ನಾನು ಮೇಡಂ ಮುಂದೆ ಮೈಸೂರುಪಾಕಿನ ತಟ್ಟೆ ಚಾಚಿದೆ. ಸುಧಾ ಬಾಯಿ ಬಿಟ್ಟಳು. "ಕಸ ಅಂತ ಬಿಸಾಕಕ್ಕೆ ಕೊಟ್ಟಿದ್ರು ಮೇಡಂ."

ಅರಿಶಿನಕ್ಕೆ ಬೀದಿಗೆಲ್ಲ ಸಿಹಿ ಹಂಚಿದವನು, ನರಕೋಶವನ್ನು ಕಸಕ್ಕೆ ಹಾಕಿದವನು ನಾನು. ಪಿಎಚ್.ಡಿ. ಮಾತ್ರ ನನಗೇ ಬರುತ್ತದಂತೆ!