ಕೆಂಪು ಹಡಗಿನ ಹಿಂಬದಿ

ಎಲ್ಲಕ್ಕೂ ಕಾರಣ ಕಿತ್ತಳೆ ಸಿಪ್ಪೆಯ ಜಾಮು, ಅಂದರೆ ಮಾರ್ಮಲೇಡ್. ಅದನ್ನು ಮಾಡುವ ಬಗೆ ಹುಡುಕಲು ಕ್ಲೆಮೆಂಟ್ ಬೊಲಿಥೊ ತೀರಿಕೊಂಡ ಹೆಂಡತಿಯ ಅಡುಗೆ ಪುಸ್ತಕ ತೆರೆದ. ಒಳಗೊಂದು ಚೀಟಿ ಸಿಕ್ಕಿತು: 'ಕ್ಲೆಮ್, ನಿನಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಕೆಂಪು ಹಡಗಿನ ಚಿತ್ರದ ಹಿಂದೆ ಬರೆದಿದ್ದೇನೆ. ಇದೊಂದನ್ನಾದರೂ ಓದು.'

ಅವನ ಹೆಂಡತಿ ಲವ್‌ಡೇ ಹನ್ನೊಂದು ಕಾದಂಬರಿ ಬರೆದವಳು, ನೂರಾರು ಚಿತ್ರ ಬಿಡಿಸಿದವಳು. ದೋಣಿ ರಿಪೇರಿಯ ಕ್ಲೆಮೆಂಟ್ ನಲವತ್ತು ವರ್ಷದಲ್ಲಿ ಒಂದು ಕಾದಂಬರಿಯನ್ನೂ ಓದಿ ಮುಗಿಸಿರಲಿಲ್ಲ. ಚಿತ್ರದ ಮುಂಬದಿಯನ್ನೇ ನೆಟ್ಟಗೆ ನೋಡದವನು ಹಿಂಬದಿಯನ್ನು ನೋಡುವುದೆಲ್ಲಿ ಬಂತು! ಅವಳು ಸತ್ತ ವಾರಕ್ಕೇ ಕಾಗದ, ಚಿತ್ರ ಎಲ್ಲವನ್ನೂ ಹತ್ತೊಂಬತ್ತು ಪೆಟ್ಟಿಗೆಗಳಲ್ಲಿ ತುಂಬಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ದಾನ ಮಾಡಿಬಿಟ್ಟಿದ್ದ, ಪುಣ್ಯಾತ್ಮ.

ಕೋಟು ಸಿಕ್ಕಿಸಿಕೊಂಡು ಹೊರಬೀಳುವಷ್ಟರಲ್ಲಿ ಪಕ್ಕದ ಮನೆಯ ಮಿಸೆಸ್ ನಾನ್‌ಕಿವೆಲ್ ಬೇಲಿಯ ಮೇಲಿಂದ ಕತ್ತು ಚಾಚಿದಳು.

“ಎಲ್ಲಿಗೆ ಸವಾರಿ?”

“ಗ್ರಂಥಾಲಯಕ್ಕೆ. ಲವ್‌ಡೇ ಏನೋ ಬರೆದಿಟ್ಟಿದಾಳೆ.”

“ನನ್ ಬಗ್ಗೆ ತಾನೇ? ಅವಳ ಕಣ್ಣು ಯಾವಾಗ್ಲೂ ನಮ್ಮನೆ ಕಿಟಕಿ ಮೇಲೇ ಇತ್ತು. ಸದ್ಯ, ಅವತ್ತು ಷರತ್ತು ಹಾಕ್ಸಿದ್ದು ಒಳ್ಳೇದಾಯ್ತು!”

ಯಾವ ಷರತ್ತು ಎಂದು ಕೇಳುತ್ತ ನಿಂತರೆ ಬಸ್ಸು ತಪ್ಪುತ್ತಿತ್ತು. ಕೇಳದೆ ಓಡಿದರೂ ತಪ್ಪಿತು. ಮುಂದಿನದರಲ್ಲಿ ನಿಂತುಕೊಂಡೇ ಹೋದ.

ಗ್ರಂಥಾಲಯದ ಬಾಗಿಲಲ್ಲಿ ಮಳೆಗೆ ನೆಂದ ಕೋಟು ಕಸಿದುಕೊಂಡರು. ಪೆನ್ನು ಕಸಿದುಕೊಂಡರು. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡಿದ್ದ ಮಾಂಸದ ಕಡುಬನ್ನು ಇಲಿ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿಕೊಂಡು ಹೋದರು. ಒಳಗಿದ್ದ ಗ್ರಂಥಪಾಲಕಿ ಮಿಸ್ ಪ್ರೌಸ್ ಅವನ ಗುರುತುಪತ್ರ ನೋಡಿ ತಲೆಯೆತ್ತಿದಳು.

“ಓ... ನೀವೇ ಆ ಗಂಡ!”

ಆ ಮಾತಿನ ಧಾಟಿ ಅವನಿಗೆ ಹಿಡಿಸಲಿಲ್ಲ. ಆದರೂ ಕೆಂಪು ಹಡಗು ಬೇಕೆಂದ. ಆಕೆ ಹತ್ತೊಂಬತ್ತನೆಯ ಪೆಟ್ಟಿಗೆಯಿಂದ ಆ ಚಿತ್ರವಿದ್ದ, ಮೊಹರು ಮಾಡಿದ ಲಕೋಟೆ ತಂದು ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯನ್ನೂ ಇಟ್ಟಳು.

“ಇದನ್ನ ತೆರೆಯೋ ಹಾಗಿಲ್ಲ ಸರ್. ಬದುಕಿರೋರ ಬಗ್ಗೆ ಬರೆದಿದ್ದನ್ನ ಅವರು ಸಾಯೋವರೆಗೂ ಯಾರಿಗೂ ತೋರಿಸ್ಬಾರ್ದು ಅಂತ ಷರತ್ತಿದೆ.”

“ಯಾವ ಪೆದ್ದ ಹಾಕಿದ್ದಮ್ಮ ಅದನ್ನ?”

ಆಕೆ ದಾನಪತ್ರ ತೋರಿಸಿದಳು. ಕೆಳಗೆ ಅವನದೇ ಸಹಿ. ಹೆಂಡತಿಯನ್ನು ಮಣ್ಣು ಮಾಡಿ ಬಂದು ಚಹಾ ಕುಡಿಯುವಾಗ ಮಿಸೆಸ್ ನಾನ್‌ಕಿವೆಲ್ ಓಣಿಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, 'ನಮ್ಮ ಮಾನ ಉಳಿಸಪ್ಪ' ಎಂದು ಸೇರಿಸಿದ್ದ ಸಾಲು. ಅದನ್ನೂ ಅವನು ಓದಿರಲಿಲ್ಲ.

“ಇದರಲ್ಲಿ ಯಾರ ಬಗ್ಗೆ ಇದೆ?”

“ನಿಮ್ಮ ಬಗ್ಗೆ ಸರ್. ಹತ್ತೊಂಬತ್ತೂ ಪೆಟ್ಟಿಗೇಲಿ ಮುಚ್ಚಿಟ್ಟಿರೋದು ಇದೊಂದೇ.”

“ನಾನೇ ಹಾಕಿದ್ದು, ನಾನೇ ತೆಗೀತೀನಿ!”

“ಕೊಟ್ಟ ಮೇಲೆ ಪೆಟ್ಟಿಗೆ ನಮ್ಮದು, ಷರತ್ತೂ ನಮ್ಮದೇ.”

“ನಾನು ಸತ್ಮೇಲೆ?”

“ಯಾರು ಬೇಕಾದ್ರೂ ಓದ್ಬಹುದು.”

ಕ್ಲೆಮೆಂಟ್ ಮೇಜಿನ ಮೇಲೆ ಬಾಗಿದ. “ಪಟ್ಟಿ ಮಾಡೋವಾಗ ನೀವು ಓದಿದೀರಲ್ಲ. ಒಳ್ಳೇದಾ, ಕೆಟ್ಟದ್ದಾ? ಅಷ್ಟು ಹೇಳಿ ಸಾಕು.”

ಮಿಸ್ ಪ್ರೌಸ್ ಎದ್ದು ಹೋಗಿ, ಅವನ ಕಡುಬನ್ನು ತಾನೇ ತಂದು ಕೈಗಿಟ್ಟಳು.

ಮನೆ ಮುಟ್ಟಿದಾಗ ಮಿಸೆಸ್ ನಾನ್‌ಕಿವೆಲ್ ಬೇಲಿಯ ಬಳಿಯೇ ಇದ್ದಳು. “ನನ್ ಬಗ್ಗೆ ಏನ್ ಬರ್ದಿದಾಳೆ?”

“ಒಂದಕ್ಷರಾನೂ ಇಲ್ಲ. ಮುಚ್ಚಿಟ್ಟಿರೋದು ಒಂದೇ ಹಾಳೆ. ಅದು ನನ್ನ ಬಗ್ಗೆ. ನಾನು ಸತ್ಮೇಲೆ ತೆರೀತಾರಂತೆ, ಆಗ ಯಾರು ಬೇಕಾದ್ರೂ ಓದ್ಬಹುದಂತೆ.”

ಅವಳ ಮುಖ ಬಾಡಿತು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ ನಿಧಾನವಾಗಿ ಅರಳಿತು.

“ಕ್ಲೆಮೆಂಟ್, ನಾನು ನಿನಗಿಂತ ಆರು ವರ್ಷ ಚಿಕ್ಕೋಳಲ್ವಾ?”